ಡಬ್ಬಿಯೊಳಗಿನ ತಾರೀಕು

ಪದ್ಮಾ, ನಿನ್ನ ಉಪಕರಣ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಲೆಕ್ಕ — ಅದು ನನಗೆ ಅಂದೇ ಗೊತ್ತಾಗಿತ್ತು, ಗೊತ್ತಾಗಿಯೂ ಸುಮ್ಮನಿದ್ದೆ.

ತೊಂಬತ್ತರ ದಶಕದ ಕೊನೆ. ಉಪಗ್ರಹದಲ್ಲಿ ಹೋಗಬೇಕಿದ್ದ ಕ್ಷ-ಕಿರಣ ಅಳೆಯುವ ಉಪಕರಣವನ್ನು ಕಟ್ಟಿದವಳು ಮೂಡಲಗಿಯ ನೀನು. ಅದು ಸರಿಯಾಗಿ ಅಳೆಯುತ್ತಿದೆಯೇ ಎಂದು ಆಗಾಗ ತಾಳೆ ನೋಡಲು ಒಳಗೊಂದು ವಿಕಿರಣ ಸೂಸುವ ಕಬ್ಬಿಣದ ಚೂರು ಬೇಕಿತ್ತು. ಅದರ ಹೊಣೆ ಕೊಣ್ಣೂರಿನ ನನ್ನದು. ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಆ ಚೂರಿನ ಶಕ್ತಿ ಅರ್ಧಕ್ಕಿಳಿಯುತ್ತದೆ. ಮೂರು ಸಲ ಅರ್ಧವಾಗುವ ತನಕ ಕೆಲಸಕ್ಕೆ ಬರುತ್ತದೆ, ಅಂದರೆ ಉಪಕರಣದ ಬಾಳಿಕೆ ಎಂಟು ವರ್ಷ — ಹಾಗೆಂದು ಬರೆದುಕೊಟ್ಟೆ.

ಎಲ್ಲಿಂದ ಎಣಿಸಿದೆ? ಚೂರು ನಮ್ಮ ರಿಜಿಸ್ಟರಿಗೆ ಸೇರಿದ ದಿನದಿಂದ. ನಮ್ಮ ಕಡೆ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದದ್ದೇ ಹುಟ್ಟಿದ ತಾರೀಕಲ್ಲವೇ — ಇಡೀ ತರಗತಿಗೆ ಜೂನ್ ಒಂದು. ನಾನೂ ಅದೇ ಮಾಸ್ತರನಾದೆ. ನೀನೊಬ್ಬಳೇ ಅದನ್ನು ಹಿಡಿದೆ.

“ಅಣ್ಣಾರ, ಇದೂ ನಮ್ಮ ಸಾಲಿ ತಾರೀಕಿನಂಗ ಆಗಬಾರದ್ರಿ. ಚೂರು ಬಂದ ಡಬ್ಬಿ ಒಳಗಿನ ಕಾಗದ ಒಮ್ಮಿ ನೋಡ್ರಿ.”

“ನನಗ ಲೆಕ್ಕ ಕಲಸಾಕ ಬಂದಿಯೇನ? ಬರದದ್ದ ಖರೆ.”

ನಾಲ್ಕು ಜನರೆದುರು ಹಾಗಂದೆ. ನೀನು ಮತ್ತೆ ಕೇಳಲಿಲ್ಲ. ಇನ್ನೊಮ್ಮೆ ಕೇಳಿದ್ದರೆ — ಇಲ್ಲ, ಅದೂ ನೆಪ.

ನೆಲದ ಮೇಲಿನ ಪರೀಕ್ಷೆಗಳೆಲ್ಲ ಬೇರೆ ಚೂರಿನಿಂದ ಮುಗಿದಿದ್ದವು. ಉಪಗ್ರಹ ಮೇಲೇರಿತು. ಮೊದಲ ದಿನ ಉಪಕರಣ ಎಣಿಸಿದ ಚೂರಿನ ಕಿರಣ ನಾನು ಹೇಳಿದ್ದರ ಅರ್ಧ. ಮರುದಿನವೂ ಅರ್ಧ. ಉಗ್ರಾಣಕ್ಕೆ ಹೋಗಿ ಆ ಚೂರು ಬಂದಿದ್ದ ಡಬ್ಬಿ ಹುಡುಕಿ ತೆರೆದೆ. ಒಳಗಿನ ಕಾಗದದಲ್ಲಿ ತಯಾರಾದ ತಾರೀಕಿತ್ತು — ನಮ್ಮ ಕೈಸೇರುವ ಮೊದಲೇ ಚೂರು ಇನ್ನೆಲ್ಲೋ ಎರಡೂಮುಕ್ಕಾಲು ವರ್ಷ ಬಿದ್ದಿತ್ತು. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ತನಿಖೆಗೆ ಕೂತ ಸಮಿತಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಮಂದವಾಗಿರುವುದು ಚೂರೋ, ಉಪಕರಣವೋ? “ಚೂರು ಹೊಸದು” ಎಂದೆ. ತಪ್ಪು ನಿನ್ನ ಹೆಸರಿಗೆ ಹತ್ತಿತು. ವರ್ಷದೊಳಗೆ ನೀನು ಕೆಲಸ ಬಿಟ್ಟೆ.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ಮೇಲಿರುವ ಚೂರು ಪೂರ್ತಿ ಮಂಕಾದರೆ ಯಾರೂ ಏನನ್ನೂ ಪತ್ತೆ ಹಚ್ಚಲಾರರು, ಅದಕ್ಕೆ ಎಷ್ಟು ವರ್ಷ ಬೇಕು ಎಂದು. ಆ ದಿನಕ್ಕಾಗಿ ಕಾದೆ. ಹೌದು, ತಾರೀಕು ಗುರುತು ಮಾಡಿಟ್ಟುಕೊಂಡು ಕಾದೆ. ಈ ಸಲ ನನ್ನ ಲೆಕ್ಕ ತಪ್ಪಲಿಲ್ಲ.

ಹೋದ ತಿಂಗಳು ಹುಕ್ಕೇರಿಯಲ್ಲಿ ನೀನು ಕಲಿಸುವ ಶಾಲೆಗೆ ಬಂದದ್ದು ಎಲ್ಲ ಹೇಳಲೆಂದೇ. ನೀನು ಚಹಾ ಕೊಟ್ಟು ಎದುರು ಕೂತೆ.

“ನನ್ನ ಕೈಯಾಗ ಎಲ್ಲಿ ತಪ್ಪಾತು ಅಂತ ಇನ್ನೂ ತಿಳಿವಲ್ದರಿ ಅಣ್ಣಾರ. ರವಿವಾರ ಬಂತಂದ್ರ ಹಳೇ ನಕ್ಷಿ ತಗದ ನೋಡ್ತೇನ್ರಿ.”

ಕಾಗದ ನನ್ನ ಜೇಬಿನಲ್ಲೇ ಇತ್ತು. ಚಹಾ ಕುಡಿದು ಗೋಕಾಕದ ಬಸ್ಸು ಹತ್ತಿದೆ.

ಈಗ ಆ ಕಾಗದ ಈ ಪತ್ರದ ಜೊತೆಗಿದೆ. ಇಲ್ಲಿ ಬರೆದದ್ದನ್ನೆಲ್ಲ ಸಹಿ ಮಾಡಿ ನಾವಿಬ್ಬರೂ ಕೆಲಸ ಮಾಡಿದ ಕಚೇರಿಗೂ ಕಳಿಸಿದ್ದೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಬರುವ ರವಿವಾರ ನಕ್ಷೆ ತೆಗೆಯಬೇಡ, ಪದ್ಮಾ. ಅದರಲ್ಲಿ ತಪ್ಪಿಲ್ಲ.