ಮೂರು ಗಂಟೆಯ ಪರ್ಮಿಷನ್

ತೊಂಬತ್ತರ ದಶಕದ ಕೊನೆಯಲ್ಲಿ ಚೆನ್ನೈನ ಅಂಬತ್ತೂರಿನ ಕಾರ್ಖಾನೆಯೊಂದು ನನ್ನನ್ನು ಮೈಸೂರಿನಿಂದ ಕರೆಸಿ ಕೆಲಸ ಕೊಟ್ಟಿದ್ದು, ತನ್ನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಬೇಕಿದ್ದುದರಿಂದ. ಪ್ರಾಕ್ಟೀಸಿಗಾಗಿ ಆಟಗಾರರು ಮೂರು ಗಂಟೆಗೇ ಕೆಲಸ ಬಿಡಲು ಪರ್ಮಿಷನ್ ಇತ್ತು. ಕೆಲವು ವರ್ಷಗಳಲ್ಲಿ, ಖರ್ಚು ಜಾಸ್ತಿಯೆಂದು ತಂಡವನ್ನೇ ಮುಚ್ಚಿದರು. ಉಳಿದವರು ಬೇರೆ ಕೆಲಸ ಹಿಡಿದು ಚದುರಿಹೋದರು. ನಾನು ಸ್ಟೋರ್ಸ್‌ನಲ್ಲಿ ಉಳಿದೆ. ಪರ್ಮಿಷನ್ ರದ್ದು ಮಾಡುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ನನ್ನದೂ ಹಾಳು ಹಟ. ದಿನವೂ ಮೂರಕ್ಕೆ ಬೂಟು ಕಟ್ಟಿ ಮೈದಾನಕ್ಕಿಳಿದು, ಕಾಂಪೌಂಡ್ ಗೋಡೆಗೆ ಚೆಂಡು ಒದ್ದು ನಾನೇ ಹಿಡಿಯುತ್ತಿದ್ದೆ.

ಹೊಸದಾಗಿ ಬಂದ ವಾಚ್‌ಮನ್ ಒಂದು ದಿನ ಕೇಳಿದ: "ಎನ್ನ ಸಾರ್, ಮತ್ತವಂಗ ಇನ್ನುಂ ವರಲಿಯಾ?" ಉಳಿದವರು ಇನ್ನೂ ಬಂದಿಲ್ಲವೇ ಎಂದು.

"ವರುವಾಂಗ," ಬರುತ್ತಾರೆ ಎಂದೆ.

ಪಾಪ, ಸಂಜೆ ನಾನು ಹೊರಡುವವರೆಗೂ ಅವನು ಮೈದಾನದ ಗೇಟನ್ನು ತೆರೆದೇ ಇಟ್ಟಿದ್ದ.