ಗಿಣ್ಣಿನ ಕ್ಯಾನು

ಮದ್ಯವರ್ಜನ ಶಿಬಿರದ ಕೊನೆಯ ದಿನ ನನ್ನ ಕೊರಳಿಗೆ ಹಾರ ಹಾಕಿ, ನೀವು ಗೆದ್ದಿರಿ ಎಂದು ಚಪ್ಪಾಳೆ ತಟ್ಟಿದರು. ನಾನೂ ನಂಬಿದೆ. ಅಯ್ಯೋ, ಬಂಗಾರಪೇಟೆಯಲ್ಲಿ ಬಸ್ಸಿಳಿಯುವಷ್ಟರಲ್ಲೇ ಹಾರ ಬಾಡಿತ್ತು. ಮನೆಯಲ್ಲಿ ಹೆಂಡತಿ ಮುದ್ದೆ ಬಡಿಸಿದಳು, ಪಕ್ಕದಲ್ಲಿ ಕೂತಳು, ಎಲ್ಲ ಸರಿ. ಆದರೆ ವಾರದ ಮೇಲೆ ಹಸು ಕರು ಹಾಕಿದಾಗ ಗಿಣ್ಣುಹಾಲಿನ ಕ್ಯಾನು ಹಿಡಿದು ನನ್ನ ಅಕ್ಕನ ಮನೆಗೆ ಅವಳೇ ಬಸ್ಸು ಹತ್ತಿದಳು. ಕೊಡು, ನಾನು ಹೋಗುತ್ತೇನೆ ಎನ್ನಲು ನನಗೆ ಮುಖವಿರಲಿಲ್ಲ.

ನಮ್ಮೂರು ಕ್ಯಾಸಂಬಳ್ಳಿಯ ಪಕ್ಕ. ಹಸು ಕರು ಹಾಕಿದರೆ ಮೊದಲ ಹಾಲನ್ನು ಮಾರುವುದಿಲ್ಲ, ಡೈರಿಗೂ ಹಾಕುವುದಿಲ್ಲ. ನೆಂಟರ ಮನೆಗೆ ಹಂಚುತ್ತೇವೆ. ಆಂಡರ್ಸನ್‌ಪೇಟೆಯಲ್ಲಿರುವ ನನ್ನ ಅಕ್ಕನಿಗೆ ಗಿಣ್ಣೆಂದರೆ ಪ್ರಾಣ. ಕೊಟ್ಟ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಅಕ್ಕ ಪ್ರತಿಸಲವೂ ಅದರೊಳಗೆ ಒಂದು ಉಂಡೆ ಬೆಲ್ಲ ಇಟ್ಟೇ ಕಳಿಸುವುದು.

ಕುಡಿಯುತ್ತಿದ್ದ ಕಾಲದಲ್ಲಿ ಒಮ್ಮೆ ಆ ಕ್ಯಾನು ಹಿಡಿದು ಹೊರಟವನು, ಅಕ್ಕನ ಬೀದಿಯ ತಿರುವಿನಲ್ಲಿದ್ದ ಬಾರಿಗೆ ಒಂದೇ ಒಂದು ಎಂದು ಹೊಕ್ಕೆ. ಸಂಜೆ ಎದ್ದಾಗ ಹಾಲು ಒಡೆದು ನಾರುತ್ತಿತ್ತು. ಮೋರಿಗೆ ಸುರಿದು, ಬೀದಿ ನಲ್ಲಿಯಲ್ಲಿ ಕ್ಯಾನು ತೊಳೆದೆ. ಮನೆಗೆ ಬರಿದಾಗಿ ಒಯ್ದರೆ ಸಿಕ್ಕಿಬೀಳುತ್ತೇನೆಂದು ನನ್ನ ಮಹಾಬುದ್ಧಿಗೆ ಹೊಳೆದು, ಅಂಗಡಿಯಿಂದ ಸಕ್ಕರೆ ತಂದು ಹಾಕಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಹೆಂಡತಿ ಮುಚ್ಚಳ ತೆಗೆದಳು. ಸಕ್ಕರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆಯೇ ಅವಳು ಫೋನ್ ಮಾಡಿ ಹೇಳಿದ್ದರಿಂದ ಅಕ್ಕ ಏಲಕ್ಕಿ ಕುಟ್ಟಿಟ್ಟುಕೊಂಡು ದಿನವಿಡೀ ಕಾದಿದ್ದಳಂತೆ.

ಕುಡಿತ ಬಿಟ್ಟು ನಾಲ್ಕು ವರ್ಷವಾಯಿತು. ಈಗಲೂ ಆಸೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಆಸೆ ಆ ಕ್ಯಾನಿನದು. ಹಸು ಗಬ್ಬವಾದಾಗಲೆಲ್ಲ ಒಳಗೊಳಗೇ ದಿನ ಎಣಿಸುತ್ತಿದ್ದೆ. ಕರು ಹಾಕಿದಾಗಲೆಲ್ಲ ಕೈ ತೊಳೆದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಅವಳು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು. ಊರವರು, ಇವನು ಉದ್ಧಾರವಾದನಪ್ಪ ಎನ್ನುತ್ತಿದ್ದರು. ಉದ್ಧಾರವಂತೆ! ಒಂದು ಸೇರು ಹಾಲನ್ನು ಕೈಗೆ ಕೊಡಲು ಹೆಂಡತಿ ಹೆದರುವವನ ಉದ್ಧಾರ.

ಹೋದ ತಿಂಗಳು ಹಸು ಮತ್ತೆ ಕರು ಹಾಕಿತು. ಅವಳು ಕ್ಯಾನನ್ನು ತಂದು ನನ್ನ ಕೈಗಿಟ್ಟು, ಬೂಸಾ ಕಲಸಲು ಹೋದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತೆ. ಬಾರಿನ ಮುಂದೆ ನಾಲಿಗೆ ಒಣಗಿತು. ನಿಲ್ಲಲಿಲ್ಲ. ಬಾಗಿಲು ತೆರೆದ ಅಕ್ಕ ಮೊದಲು ಕ್ಯಾನನ್ನು ನೋಡಿದಳು, ಆಮೇಲೆ ನನ್ನನ್ನು. ಏಲಕ್ಕಿ ಹುಡುಕುತ್ತಲೇ ಅತ್ತಳು.

ಮನೆಗೆ ಬಂದು ಕ್ಯಾನನ್ನು ಹೆಂಡತಿಯ ಮುಂದಿಟ್ಟೆ. ಅವಳು ಅದನ್ನು ಹಾಗೆಯೇ ಎತ್ತಿ ಗೂಡಿನಲ್ಲಿಟ್ಟಳು. ಯಾರೂ ನನ್ನನ್ನು ಪರೀಕ್ಷಿಸದಿರಲಿ ಎಂದು ನಾಲ್ಕು ವರ್ಷ ಹಂಬಲಿಸಿದವನು, ಈಗ ಅವಳು ಒಮ್ಮೆ ಮುಚ್ಚಳ ತೆಗೆಯಲಿ ಎಂದು ಕಾದು ನಿಂತಿದ್ದೆ.

“ಒಳಗೇನೈತೆ ನೋಡೇ,” ಎಂದೆ.

“ಬೆಲ್ಲ ತಾನೇ,” ಎಂದಳು. “ಕೈಕಾಲು ತೊಳ್ಕೊಳ್ಳಿ, ಮುದ್ದೆ ಆರೋಯ್ತದೆ.”