ಗಾಳಿಯಲ್ಲೊಂದು ತೂತು

ಸಂಜೆಯಾಗುತ್ತಿದ್ದಂತೆ ರೋಮಿನ ರೈಲು ನಿಲ್ದಾಣದ ಮುಂದೆ ಜನ ಕೊಡೆ ಬಿಚ್ಚುತ್ತಾರೆ. ಮಳೆಗಲ್ಲ, ಚಳಿಗಾಲದಲ್ಲಿ ಹಿಂಡುಹಿಂಡಾಗಿ ಮರಗಳಿಗೆ ಬಂದಿಳಿಯುವ ಕಬ್ಬಕ್ಕಿಗಳ ಹಿಕ್ಕೆಗೆ. ಫುಲ್ವಿಯಾ ಮಾತ್ರ ಬಿಚ್ಚುವುದಿಲ್ಲ. ಈಗವಳು ಶಾಲೆಯಲ್ಲಿ ಗಣಿತ ಹೇಳಿಕೊಡುವ ನಡುವಯಸ್ಸಿನ ಹೆಂಗಸು. ಡಿಸೆಂಬರ್ ಬಂತೆಂದರೆ ಕತ್ತೆತ್ತಿಕೊಂಡೇ ಬಸ್ಸಿಗೆ ಕಾಯುತ್ತಾಳೆ.

ಆಗ ಅವಳು ಪಿಎಚ್.ಡಿ. ಮಾಡುತ್ತಿದ್ದಳು. ಟ್ರಾಮ್ ಓಡಿಸುವವನ ಮಗಳು. ಸಂಶೋಧನೆಯ ಹಣಕ್ಕೆ ಕತ್ತರಿ ಹಾಕಿದ ಸರಕಾರದ ವಿರುದ್ಧ ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿ ಕಂಬಳಿ ಹಾಸಿ ಮಲಗಿದವಳು, ಪೊಲೀಸರ ದೊಣ್ಣೆಯ ರುಚಿ ಕಂಡವಳು. ಮೆರವಣಿಗೆಯ ನಡುವೆಯೇ ಅವಳಿಗೊಂದು ಪ್ರಶ್ನೆ ಹುಟ್ಟಿತ್ತು: ಯಾರೂ ಅಪ್ಪಣೆ ಕೊಡದೆ ಸಾವಿರಾರು ಜನ ಒಮ್ಮೆಲೇ ತಿರುಗುವುದು ಹೇಗೆ? ಜನರನ್ನು ಅಳೆಯಲು ಬಿಡುವವರಾರು? ಅಧ್ಯಯನಕ್ಕೆ ಹಕ್ಕಿಗಳನ್ನು ಆರಿಸಿಕೊಂಡಳು.

ನಿಲ್ದಾಣದೆದುರಿನ ಹಳೆಯ ಕಟ್ಟಡದ ತಾರಸಿಗೆ ದಿನಾ ಮಧ್ಯಾಹ್ನ ಮೂರು ಕ್ಯಾಮೆರಾ ಹೊತ್ತು ತಂದು, ಒಂದರಿಂದ ಒಂದಕ್ಕೆ ಗಾಳದ ದಾರ ಬಿಗಿದು, ಕೂದಲೆಳೆಯಷ್ಟೂ ವಾಲದಂತೆ ನೇರ ಮಾಡಬೇಕು. ಹಿಂಡು ಹೊಗೆಯ ಹಾಗೆ ಸುರುಳಿ ಸುತ್ತುವಾಗ ಮೂರೂ ಒಟ್ಟಿಗೆ ಚಿತ್ರ ತೆಗೆಯುತ್ತವೆ. ಆಮೇಲಿನದು ಕಂಪ್ಯೂಟರಿನ ಪಾಡು: ಈ ಚಿತ್ರದ ಚುಕ್ಕೆ ಆ ಚಿತ್ರದ ಯಾವ ಚುಕ್ಕೆ ಎಂದು ಹೊಂದಿಸಿ, ಒಂದೊಂದು ಹಕ್ಕಿಯ ದಾರಿಯನ್ನೂ ಬಿಡಿಸುವುದು. ಆ ಪ್ರೋಗ್ರಾಮು ಬರೆದವಳು ಅವಳೇ.

ಶಿಷ್ಯವೇತನದ ಕೊನೆಯ ಚಳಿಗಾಲ. ಯಾರ ಕಾಟವೂ ಇಲ್ಲದೆ ಇಡೀ ಹಿಂಡು ತನ್ನಷ್ಟಕ್ಕೆ ತಿರುಗಿದ ಒಂದೇ ಒಂದು ಒಳ್ಳೆಯ ಚಿತ್ರೀಕರಣ ಬೇಕಿತ್ತು, ಇಲ್ಲದಿದ್ದರೆ ಪದವಿಯಿಲ್ಲ. ಅಷ್ಟರಲ್ಲಿ ಕೆಳಗೆ ಬಿಳಿ ವ್ಯಾನು ಬಂತು. ಹಕ್ಕಿ ಓಡಿಸುವ ಗುತ್ತಿಗೆಯವನು ಮೈಕಿನಲ್ಲಿ ಕಬ್ಬಕ್ಕಿಯ ಚೀರಾಟದ ಧ್ವನಿಮುದ್ರಣ ಹಾಕಿದ. ಹಿಂಡು ಮರ ಬಿಟ್ಟು ಚೆಲ್ಲಾಪಿಲ್ಲಿಯಾಯಿತು.

ಫುಲ್ವಿಯಾ ಮೆಟ್ಟಿಲಿಳಿದು ಓಡಿದಳು.

“ನಿಲ್ಸಯ್ಯಾ ಆ ದರಿದ್ರಾನ!”

“ನೀನ್ಯಾರಮ್ಮ, ಹಕ್ಕಿಗಳ ಚಿಕ್ಕಮ್ಮನಾ?”

“ಮೇಲೆ ಸಂಶೋಧನೆ ಮಾಡ್ತಿದೀನಿ.”

“ಕೆಳಗೆ ನಾನು ಸಂಸಾರ ಮಾಡ್ತಿದೀನಿ, ಡಾಕ್ಟ್ರಮ್ಮ. ಈ ಹೇಲಿನ ಮೇಲೆ ಸ್ಕೂಟರ್ ಜಾರಿ ನಮ್ಮ ಭಾವ ಸೊಂಟ ಮುರ್ಕೊಂಡು ಬಿದ್ದವ್ನೆ. ಅವನ ಮುಂದೆ ಹೋಗಿ ಹೇಳು ನಿನ್ನ ಸಂಶೋಧನೆ.”

ಅವನ ಅಂಗಿಯ ಮೇಲೆ ಹೊಲಿದಿದ್ದ ಹೆಸರು ಓದಿಕೊಂಡು, ಅದಕ್ಕೆ ರೋಮಿನವರ ಮರ್ಯಾದೆಯ ‘ಸೋರ್’ ಸೇರಿಸಿ ಫುಲ್ವಿಯಾ ದನಿ ಇಳಿಸಿದಳು. “ನಾಳೆ ಒಂದಿನ ಸದ್ದು ಮಾಡ್ಬೇಡಿ, ಸೋರ್ ಒತ್ತಾವಿಯೋ. ನಿಮ್ಮಮ್ಮನ ಆಣೆ.”

“ಸತ್ತೋಳನ್ನ ಯಾಕೆ ಎಳೀತೀಯ? ಒಂದೇ ದಿನ. ಯಾರಾದ್ರೂ ಕೇಳಿದ್ರೆ ಮೈಕು ಕೆಟ್ಟಿತ್ತು.”

ಮರುದಿನ ಹಿಂಡು ಬಂತು. ಎಂದೂ ಇಲ್ಲದಷ್ಟು ಹೊತ್ತು ಸುತ್ತಿತು. ಬೆರಳು ಚಳಿಗೆ ಸೆಟೆದಿದ್ದರೂ ಫುಲ್ವಿಯಾ ತಾರಸಿಯ ಮೇಲೆ ಕುಣಿದಾಡಿದಳು.

ಲೆಕ್ಕಕ್ಕೆ ಕೂತಾಗ ಕಂಡದ್ದು ಬೇರೆ. ಕಂಪ್ಯೂಟರಿನ ತೆರೆಯ ಮೇಲೆ ಹಿಂಡಿನ ಅಡಿಯಲ್ಲೊಂದು ತೂತು. ಹಕ್ಕಿಗಳೆಲ್ಲ ಅದನ್ನು ಬಳಸಿಕೊಂಡೇ ಹೋಗುತ್ತಿದ್ದವು. ಪ್ರೋಗ್ರಾಮು ಚುಕ್ಕೆಗಳನ್ನು ನುಂಗುತ್ತಿದೆ ಎಂದುಕೊಂಡಳು. ವಾರಗಟ್ಟಲೆ ತಿದ್ದಿದಳು, ಕಿತ್ತು ಹಾಕಿ ಮತ್ತೆ ಬರೆದಳು. ತೂತು ಜಗ್ಗಲಿಲ್ಲ. ಕೊನೆಗೊಂದು ಸಂಜೆ ಬೇಸತ್ತು ತಾರಸಿಯ ಅಂಚಿಗೆ ಹೋಗಿ, ಆ ತೂತಿನ ನೇರಕ್ಕೆ ಕೆಳಗೆ ಬಗ್ಗಿ ನೋಡಿದಳು. ಬಿಳಿ ವ್ಯಾನು ನಿಂತಿತ್ತು. ಇಳಿದು ಹೋಗಿ ಒತ್ತಾವಿಯೋನನ್ನು ಕೇಳಿದಳು.

“ಆವತ್ತು ಎಲ್ಲಿದ್ರಿ ನೀವು?”

“ಇಲ್ಲೇ. ಗಾಡೀಲಿ ಕೂತು ಬ್ರೆಡ್ಡಲ್ಲಿ ಹುರಿದ ಹಂದಿ ಇಟ್ಕೊಂಡು ತಿಂತಿದ್ದೆ. ಸದ್ದು ಮಾಡ್ಬೇಡ ಅಂದೆ, ಹೋಗು ಅಂದ್ಯಾ?”

ಹಕ್ಕಿಗಳಿಗೆ ಹಿಂದಿನ ಸಂಜೆಯ ನೆನಪಿತ್ತು. ವ್ಯಾನಿಗೆ ಹೆದರಿ ಇಳಿಯಲಾರದೆ ಅಷ್ಟು ಹೊತ್ತು ಸುತ್ತಿದ್ದವು. ತನ್ನಷ್ಟಕ್ಕೆ ತಿರುಗಿದ ಹಿಂಡಲ್ಲ ಅದು.

ಮಾರ್ಗದರ್ಶಕ ಬೆರ್ತೊಲಿನಿ ಕನ್ನಡಕ ಒರೆಸಿದರು. “ತೂತಿರೋ ಭಾಗ ಬಿಟ್ಬಿಡು, ಫುಲ್ವಿಯಾ. ಮೇಲಿಂದು ಚೆನ್ನಾಗಿದೆ. ವ್ಯಾನು ಯಾರಿಗೆ ಕಾಣ್ಸುತ್ತೆ?”

“ಹಕ್ಕಿಗಳಿಗೆ ಕಾಣ್ಸಿದೆಯಲ್ಲ, ಪ್ರೊಫೆಸರೇ.”

“ಇನ್ನೊಂದು ಚಳಿಗಾಲ ಕಾಯೋದಾದ್ರೆ ಏನ್ ತಿಂತೀಯ?”

“ನಮ್ಮಮ್ಮ ಮಾಡಿದ್ದು.”

ಮುಂದಿನ ಚಳಿಗಾಲ ಬೆಳಗ್ಗೆ ಮಕ್ಕಳಿಗೆ ಮನೆಪಾಠ, ಮಧ್ಯಾಹ್ನ ಗಾಳದ ದಾರ. ಸಂಬಳವಿಲ್ಲದ ಆ ಚಳಿಗಾಲವೇ ಈಗಲೂ ಅವಳ ಕಣ್ಣಿಗೆ ಕಟ್ಟಿರುವುದು. ಒತ್ತಾವಿಯೋನ ಗುತ್ತಿಗೆ ಆಗ ನದಿದಂಡೆಯ ಮರಗಳಿಗೆ ಹೋಗಿತ್ತು. ರಜೆಯ ದಿನ ಬ್ರೆಡ್ಡು ಕಟ್ಟಿಸಿಕೊಂಡು ತಾರಸಿಗೆ ಬರುತ್ತಿದ್ದ. ಹಿಂಡು ಮಡಚಿ ಬಿಚ್ಚಿಕೊಳ್ಳುವುದನ್ನು ಮೊದಲ ಸಲ ಕಂಡಾಗ ಅಗಿಯುವುದನ್ನೇ ಮರೆತ.

“ಕೆಳಗಿಂದ ಬರೀ ಇವುಗಳ ಕುಂಡೆ ನೋಡಿದ್ದೆ, ಡಾಕ್ಟ್ರಮ್ಮ.”

“ಇನ್ನೂ ಓಡಿಸ್ತೀರಾ?”

“ಓಡಿಸ್ದೆ? ಸಂಬಳ ನೀನ್ ಕೊಡ್ತೀಯಾ?”

ಚಳಿ ಮುಗಿಯುವ ಹೊತ್ತಿಗೆ ತೂತಿಲ್ಲದ ಹಿಂಡು ಸಿಕ್ಕಿತು. ತಿರುವು ಅಂಚಿನ ಕೆಲವೇ ಹಕ್ಕಿಗಳಿಂದ ಶುರುವಾಗಿ ಪಕ್ಕದಿಂದ ಪಕ್ಕಕ್ಕೆ ದಾಟಿತ್ತು, ನಾಯಕನೆಂಬವನು ಇರಲಿಲ್ಲ. ಪದವಿ ಬಂತು. ವಿಶ್ವವಿದ್ಯಾಲಯದಲ್ಲಿ ಕೆಲಸ ಬರಲಿಲ್ಲ. ಪ್ರಬಂಧದ ಕೊನೆಗೆ ತೂತಿನ ಚಿತ್ರವನ್ನೂ ಹಾಕಿ, ಅಡಿಯಲ್ಲಿ ಕಾರಣ ಬರೆದಿದ್ದಳು: ಒಂದು ವ್ಯಾನು, ಒಳಗೆ ಊಟ ಮಾಡುತ್ತಿದ್ದ ಮನುಷ್ಯ.

ಒತ್ತಾವಿಯೋ ಸತ್ತು ವರ್ಷಗಳಾದವು. ತಾರಸಿಗೆ ಬೀಗ ಬಿದ್ದಿದೆ. ಬಸ್ ನಿಲ್ದಾಣದಲ್ಲಿ ಪಕ್ಕದ ಮುದುಕಿ ಕೊಡೆ ಚಾಚುತ್ತಾಳೆ: “ಒಳಗೆ ಬಾರವ್ವ, ಮೈಯೆಲ್ಲ ಹೊಲಸಾಗುತ್ತೆ.”

“ತಾಳಿ, ಈಗ ತಿರುಗ್ತವೆ,” ಎನ್ನುತ್ತಾಳೆ ಫುಲ್ವಿಯಾ.

ತಿರುಗುತ್ತವೆ. ಪಟ್ಟನೆ ಹೆಗಲ ಮೇಲೆ ಬೀಳುತ್ತದೆ. ಬಾಯ್ತುಂಬ ಬೈಯುತ್ತಾಳೆ, ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.